ಡಿಎಸ್‌ಎಲ್‌ಆರ್ ಕೈಕೊಟ್ಟಿತು, ಹಳೇ ಕಾಂಪ್ಯಾಕ್ಟ್ ಕೈಹಿಡಿಯಿತು

ಪ್ರವಾಸ ಅರ್ಧವೂ ಮುಗಿದಿರಲಿಲ್ಲ, ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿ ಇರುವ, ಲೆನ್ಸ್ ಬದಲಿಸುವ ದೊಡ್ಡ ಕ್ಯಾಮೆರಾ) ನಿಂತುಹೋಯಿತು. ಮೇಲೆ ಹೋದ ಮಿರರ್ ಕೆಳಗೆ ಬರಲೇ ಇಲ್ಲ. ಬ್ಯಾಟರಿ ತೆಗೆದು ಹಾಕಿದೆ, ಲೆನ್ಸ್ ಕಾಂಟ್ಯಾಕ್ಟ್ ಒರೆಸಿದೆ, ಕಾರ್ಡ್ ಬದಲಿಸಿದೆ. ಅದೇ ಎರರ್. ರಿಪೇರಿಗೆ ಕೇಳಿದರೆ ಅಂಥದ್ದೇ ಸೆಕೆಂಡ್ ಹ್ಯಾಂಡ್ ಬಾಡಿಗಿಂತ (ಲೆನ್ಸ್ ಬಿಟ್ಟು ಬರೀ ಕ್ಯಾಮೆರಾ) ಜಾಸ್ತಿ ಹೇಳಿದರು. ಜೊತೆಗಿದ್ದವರಲ್ಲಿ ಒಬ್ಬ ‘ಇನ್ನೊಂದು ಬಾಡಿ ತಗೋ’ ಅಂದ, ಇನ್ನೊಬ್ಬ ‘ಫೋನ್ ಸಾಕು ಬಿಡು’ ಅಂದ. ನಾನು ‘ಒಂದಿಂಚು’ ಅಂತ ಕರೆಯುವ ಸೆನ್ಸರ್‌ನ (ಬೆಳಕು ಹಿಡಿಯುವ ಚಿಪ್) ಹಳೇ ಕಾಂಪ್ಯಾಕ್ಟ್, ಅಂದರೆ ಜೇಬಿನ ಕ್ಯಾಮೆರಾ, ಹುಡುಕಿ ತಂದೆ. ರಿಪೇರಿಗೆ ಕೇಳಿದ ದುಡ್ಡಿನ ಅರ್ಧವೂ ಆಗಲಿಲ್ಲ. ‘ಆಟದ ಸಾಮಾನು’ ಅಂತ ಇಬ್ಬರೂ ನಕ್ಕರು.

ಕೊಳ್ಳುವಾಗ ನೋಡಿದ್ದು ಎರಡೇ. ಅಪರ್ಚರ್ (ಲೆನ್ಸ್ ಒಳಗೆ ಬೆಳಕು ಬಿಡುವ ಕಿಂಡಿ) ಆದಷ್ಟು ಕಿರಿದು ಮಾಡಿ ಖಾಲಿ ಆಕಾಶ ತೆಗೆದೆ, ಸೆನ್ಸರ್ ಮೇಲೆ ಧೂಳಿದ್ದರೆ ಕಪ್ಪು ಚುಕ್ಕೆ ಕಾಣುತ್ತದೆ. ಲೆನ್ಸ್ ಬಿಚ್ಚಲು ಬರದ ಕ್ಯಾಮೆರಾದಲ್ಲಿ ಆ ಧೂಳು ನಾವು ತೆಗೆಯುವಂಥದ್ದಲ್ಲ. ಆಮೇಲೆ ಜೂಮ್ ಹಿಂದೆ ಮುಂದೆ ಓಡಿಸುತ್ತಾ ಕಿವಿಗೊಟ್ಟು ಕೇಳಿದೆ. ಕರಕರ ಅಂದ ಒಂದನ್ನು ಅಲ್ಲೇ ಬಿಟ್ಟೆ.

ಮೊದಲ ಕೆಲವು ದಿನದ ಫೋಟೋಗಳು ದಂಡ. ಬಿಸಿಲಲ್ಲಿ ಸ್ಕ್ರೀನ್ ಕಾಣಿಸದು. ಕೈ ಚಾಚಿ ಹಿಡಿದರೆ ನಡುಕ. ಆಟೋಫೋಕಸ್ ತಡಕಾಡಿ ಮುಗಿಸುವಷ್ಟರಲ್ಲಿ ಎದುರಿನವರು ಫ್ರೇಮ್ ದಾಟಿರುತ್ತಿದ್ದರು. ಜೂಮ್ ತುದಿಗೆ ಹೋದರೆ ಅಪರ್ಚರ್ ಎಫ್/1.8ರಿಂದ ಎಫ್/4.9ಕ್ಕೆ ಇಳಿದು (ಸಂಖ್ಯೆ ದೊಡ್ಡದಾದಷ್ಟೂ ಕಿಂಡಿ ಕಿರಿದು), ಸಂಜೆ ಹೊತ್ತು ಬರೀ ನಾಯ್ಸ್, ಅಂದರೆ ಚಿತ್ರದ ತುಂಬ ಕಾಳುಕಾಳು.

ಜೂಮ್ ಮರೆತೆ, ಆಟೋಫೋಕಸ್ ಆಫ್ ಮಾಡಿದೆ. ಅಲ್ಲಿಂದ ದಾರಿಗೆ ಬಂತು. ಫಿಲ್ಮ್ ಕ್ಯಾಮೆರಾ ಲೆಕ್ಕದ 28 ಎಂಎಂ ಅಗಲ ನೋಟಕ್ಕೆ ಈ ಸೆನ್ಸರ್‌ನಲ್ಲಿ ಲೆನ್ಸ್ ನಿಜವಾಗಿ ಹತ್ತು ಎಂಎಂ ಚಿಲ್ಲರೆ ಅಷ್ಟೇ. ಎಫ್/5.6 ಇಟ್ಟು ಎರಡು ಮೀಟರ್ ಹತ್ತಿರ ಫೋಕಸ್ ನಿಲ್ಲಿಸಿದರೆ, ಸುಮಾರು ಒಂದು ಮೀಟರ್‌ನಿಂದ ಆಚೆ ದಿಗಂತದವರೆಗೂ ಶಾರ್ಪ್. ದೊಡ್ಡ ಸೆನ್ಸರ್‌ನಲ್ಲಿ ಇದು ಇಷ್ಟು ಸುಲಭಕ್ಕೆ ಬರಲ್ಲ. ಎಫ್/8 ದಾಟಬೇಡಿ, ಡಿಫ್ರಾಕ್ಷನ್ (ಕಿರಿದಾದ ಕಿಂಡಿಯಲ್ಲಿ ಬೆಳಕು ಹರಡಿಕೊಳ್ಳುವುದು) ಎಲ್ಲವನ್ನೂ ಮೆತ್ತಗೆ ಮಾಡುತ್ತದೆ. ನಡುಕಕ್ಕೆ ಪಟ್ಟಿಯೇ ಮದ್ದು: ಕುತ್ತಿಗೆಗೆ ಹಾಕಿ, ಕ್ಯಾಮೆರಾವನ್ನು ಮುಂದಕ್ಕೆ ಬಿಗಿಯಾಗಿ ಎಳೆದು, ಮೊಣಕೈ ಪಕ್ಕೆಗೆ ಒತ್ತಿ ಕ್ಲಿಕ್ ಮಾಡುವುದು. ಒಂದರ ಹತ್ತನೇ ಸೆಕೆಂಡಿಗೂ ನನ್ನ ಕೈ ನಿಲ್ಲುತ್ತದೆ, ಬೇಕಾದರೆ ಪಂದ್ಯ ಕಟ್ಟುತ್ತೇನೆ. ಆಫ್ ಮಾಡಿದರೆ ಈ ಕ್ಯಾಮೆರಾ ಫೋಕಸ್ ದೂರವನ್ನು ಮರೆಯುತ್ತದೆ. ಅದಕ್ಕೊಂದು ಉಪಾಯ ಮಾಡಿಕೊಂಡಿದ್ದೇನೆ, ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಹಾಗೇ ಸುಮ್ನೆ ಇನ್ನೊಂದು ನೋಡಿದೆ. ಇದರದು ಲೀಫ್ ಷಟರ್, ಅಂದರೆ ಲೆನ್ಸ್ ಒಳಗೇ ಎಸಳಿನಂತೆ ತೆರೆದು ಮುಚ್ಚುವ ಪರದೆ. ಡಿಎಸ್‌ಎಲ್‌ಆರ್ ಫ್ಲ್ಯಾಶ್ ಸಾಮಾನ್ಯವಾಗಿ 1/200, 1/250 ಸೆಕೆಂಡಿನ ಷಟರ್ ವೇಗಕ್ಕೆ ನಿಲ್ಲುತ್ತದೆ ಅಲ್ವಾ? ಇದರ ಪುಟಾಣಿ ಫ್ಲ್ಯಾಶ್ 1/1000ರಲ್ಲೂ ಕೆಲಸ ಮಾಡಿತು. ನಡು ಮಧ್ಯಾಹ್ನ, ಸೂರ್ಯ ಎದುರಿನವರ ಬೆನ್ನಿಗೆ, ಹಿಂದೆ ನೀಲಿ ಆಕಾಶ, ಮುಖದ ಮೇಲೆ ಬೆಳಕು! ಮೂರು ಹೆಜ್ಜೆ ಆಚೆಗೆ ಆ ಬೆಳಕು ಮುಟ್ಟಲ್ಲ ಅನ್ನುವುದೂ ನಿಜ. ಪೋಲರೈಸ್ಡ್ ಕೂಲಿಂಗ್ ಗ್ಲಾಸ್ ಅನ್ನು ಲೆನ್ಸ್ ಮುಂದೆ ಹಿಡಿದು ತಿರುಗಿಸಿದರೆ ನೀರಿನ ಮೇಲಿನ ಹೊಳಪೂ ಹೋಗುತ್ತದೆ. ಬಣ್ಣ ಸ್ವಲ್ಪ ಕಂದಾಗುತ್ತದೆ, ರಾ ಫೈಲ್‌ನಲ್ಲಿ (ಕ್ಯಾಮೆರಾ ತಿದ್ದದೆ ಕೊಡುವ ಫೈಲ್) ವೈಟ್ ಬ್ಯಾಲೆನ್ಸ್, ಅಂದರೆ ಬಣ್ಣದ ಛಾಯೆ, ಸರಿ ಮಾಡಿಕೊಂಡರೆ ಆಯಿತು.

ಎರಡು ಬ್ಯಾಟರಿ ಹೆಚ್ಚಿಗೆ ಕೊಂಡೆ, ಯಾವ ಕಂಪನಿಯದೋ ಗೊತ್ತಿಲ್ಲ. ಒಂದು ಬೇಗನೆ ಊದಿಕೊಂಡಿತು, ಆ ದುಡ್ಡು ನೀರುಪಾಲು. ಆದರೆ ಪವರ್ ಬ್ಯಾಂಕ್‌ನಿಂದಲೇ ಚಾರ್ಜ್ ಆಗುವುದರಿಂದ ಕೆಲಸ ನಿಲ್ಲಲಿಲ್ಲ. ಬಾಡಿ, ಮೂರು ಲೆನ್ಸ್, ಟ್ರೈಪಾಡ್ ಸೇರಿ ನಾಲ್ಕು ಕಿಲೋ ಹತ್ತಿರ ಇತ್ತೇನೋ, ಎಲ್ಲ ಪಾರ್ಸೆಲ್ ಹಾಕಿದೆ. ಕಾಲು ಕಿಲೋ ಜೇಬಿನಲ್ಲಿ ಉಳಿಯಿತು.

ಇದರ 20 ಮೆಗಾಪಿಕ್ಸೆಲ್ ಅಂದರೆ 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕೆ) 12×18 ಇಂಚಿನ ಪ್ರಿಂಟ್. ಡಿಎಸ್‌ಎಲ್‌ಆರ್‌ನದ್ದು, ಇದರದ್ದು ಪ್ರಿಂಟ್ ಬೆರೆಸಿ ನಕ್ಕವರ ಮುಂದಿಟ್ಟೆ. ಹಗಲಿನ ಚಿತ್ರಗಳಲ್ಲಿ ಯಾವುದು ಯಾವುದರದ್ದು ಅಂತ ಇಬ್ಬರಿಗೂ ಹೇಳಲಾಗಲಿಲ್ಲ. ರಾತ್ರಿಯದು ಮಾತ್ರ ಒಬ್ಬ ತಕ್ಷಣ ಹಿಡಿದುಬಿಟ್ಟ. ಕೆಟ್ಟ ಬಾಡಿಯನ್ನು ಬಿಡಿಭಾಗಕ್ಕೆಂದು ಮಾರಿದೆ. ಬಂದ ದುಡ್ಡಿನಲ್ಲಿ ಒಂದು ಒಳ್ಳೆ ಬ್ಯಾಟರಿ, ಒಂದು ಕಾರ್ಡ್ ಆಯಿತು.