ಮಧ್ಯಾಹ್ನ ಎಲೆ ಬಾಡಿದ ಕೂಡಲೇ ನೀರು ಸುರಿಯಬೇಡಿ

ತಾರಸಿಯಲ್ಲಿ ಸೋರೆ, ಕುಂಬಳ, ಸೌತೆ ಬೆಳೆಸುವವರು ಬೇಸಿಗೆಯ ಮಧ್ಯಾಹ್ನ ಎಲೆಗಳು ಜೋತುಬಿದ್ದುದನ್ನು ಕಂಡರೆ, ಮೊದಲು ಕುಂಡದ ಮಣ್ಣಿನೊಳಗೆ ಬೆರಳನ್ನು ಎರಡು ಗೆಣ್ಣಿನಷ್ಟು ಇಳಿಸಿ ನೋಡಬೇಕು. ಒಳಗೆ ತೇವವಿದ್ದರೆ ನೀರು ಬೇಡ. ಸಂಜೆಯ ಹೊತ್ತಿಗೆ ಎಲೆಗಳು ತಾವಾಗಿಯೇ ಚೇತರಿಸಿಕೊಳ್ಳುತ್ತವೆ.

ಬೇರು ಹೀರಿದ ನೀರಿನಲ್ಲಿ ಶೇಕಡಾ 95ಕ್ಕೂ ಹೆಚ್ಚು ಭಾಗ ಆವಿಯಾಗಿ ಹೊರಹೋಗುತ್ತದೆ, ಅದೂ ಬಹುಪಾಲು ಎಲೆಯ ಪತ್ರರಂಧ್ರಗಳ ಮೂಲಕ. ಪ್ರತಿ ರಂಧ್ರದ ಎರಡು ಬದಿಯಲ್ಲಿರುವ ಕಾವಲು ಕೋಶಗಳು ಪೊಟ್ಯಾಸಿಯಂ ಅಯಾನುಗಳನ್ನು ಒಳಗೆ ಸೇರಿಸಿಕೊಂಡಾಗ ನೀರೆಳೆದು ಉಬ್ಬಿ ಬಾಗುವುದರಿಂದ ರಂಧ್ರ ತೆರೆಯುತ್ತದೆ. ಮಣ್ಣು ಒಣಗಿದಾಗ ಗಿಡದಲ್ಲಿ ಹೆಚ್ಚುವ ಅಬ್ಸಿಸಿಕ್ ಆಮ್ಲವೆಂಬ ಹಾರ್ಮೋನಿನ ಪ್ರಭಾವದಿಂದ ಅವೇ ಕೋಶಗಳು ನೀರು ಕಳೆದುಕೊಂಡು ಸಡಿಲವಾಗಿ ರಂಧ್ರವನ್ನು ಮುಚ್ಚುತ್ತವೆ. ಆದರೆ ಮುಚ್ಚಿದರೆ ಇಂಗಾಲದ ಡೈ ಆಕ್ಸೈಡ್ ಒಳಬಾರದೆ ಆಹಾರ ತಯಾರಿಕೆಯೂ ಕುಂಠಿತವಾಗುವುದರಿಂದ, ಅಗಲ ಎಲೆಯ ಬಳ್ಳಿಗಳು ಬಿಸಿಲೇರಿದಾಗಲೂ ಸಾಕಷ್ಟು ನೀರು ಬಿಡುತ್ತಲೇ ಇರುತ್ತವೆ, ಬೇರಿನ ಪೂರೈಕೆ ಅದಕ್ಕೆ ಸಾಲದೆ ಬಾಡುತ್ತವೆ. (ಅನಾನಸ್, ಕತ್ತಾಳೆಗಳು ಈ ವಿಷಯದಲ್ಲಿ ಜಾಣ ಗಿಡಗಳು: ಅವು ಮುಖ್ಯವಾಗಿ ರಾತ್ರಿ ರಂಧ್ರ ತೆರೆಯುತ್ತವೆ.)

ಮರುದಿನ ಬೆಳಿಗ್ಗೆಯೂ ಎಲೆ ಜೋತಿದ್ದು ಮಣ್ಣು ಒದ್ದೆಯಾಗಿಯೇ ಇದ್ದರೆ ಬೇರು ಕೊಳೆತಿರುವ ಸಾಧ್ಯತೆಯಿದೆ. ಆಗ ಕುಂಡದ ತಳದ ತೂತು ಕಟ್ಟಿಕೊಂಡಿದೆಯೇ ನೋಡಿ. ಮಣ್ಣು ಒಣಗಿದ್ದರೆ ಮಾತ್ರ, ಮಧ್ಯಾಹ್ನವಾದರೂ ಸರಿ, ಬುಡಕ್ಕೆ ನಿಧಾನವಾಗಿ ನೀರುಣಿಸಿ. ಟೊಮೆಟೊ, ಮೆಣಸಿನ ಸಸಿಗಳನ್ನು ಕಿತ್ತು ನೆಡುವಾಗ ಎಳೆ ಬೇರುಗಳು ಹರಿದಿರುವ ಕಾರಣ ಸಂಜೆಯೇ ನೆಟ್ಟು, ಬುಡಕ್ಕೆ ತರಗೆಲೆ ಹೊದಿಸಿ, ಎರಡು ಮೂರು ದಿನ ನೆರಳು ಕೊಡುವುದು ಒಳ್ಳೆಯದು.