ದನಕ್ಕೆ ಗಂಟಾಗಿದೆಯೇ? ಎರಡು ಬಾಟಲಿ ತಯಾರಿಡಿ

ಆಕಳ ದವಡೆಯ ಮೇಲೆ ಲಿಂಬೆ ಗಾತ್ರದ ಗಂಟು ಕಂಡರೆ ಸಲಹೆಗಳಿಗೇನೂ ಬರವಿಲ್ಲ. ಒಬ್ಬರು ಸುಣ್ಣ-ಬೆಲ್ಲ ಹಚ್ಚಿ ಅನ್ನುತ್ತಾರೆ. ಇನ್ನೊಬ್ಬರು ಮುಳ್ಳು ಚುಚ್ಚಿದ್ದು, ತಾನೇ ಒಡೆಯುತ್ತದೆ ಬಿಡಿ ಅನ್ನುತ್ತಾರೆ. ಮತ್ತೊಬ್ಬರು ದನಿ ತಗ್ಗಿಸಿ ಕ್ಯಾನ್ಸರೇ ಇರಬೇಕು ಅಂದುಬಿಡುತ್ತಾರೆ. ಬರೀ ಕಣ್ಣಲ್ಲಿ ನೋಡಿ ಯಾರ ಮಾತು ನಿಜ ಅಂತ ಹೇಳಲು ಬರುವುದಿಲ್ಲ.

ದವಡೆಯ ಮೂಳೆಯೇ ಕಲ್ಲಿನ ಹಾಗೆ ಊದುವ ಒಂದು ರೋಗವಿದೆ. ನೋಡಿದರೂ ಗಡ್ಡೆ, ಮುಟ್ಟಿದರೂ ಗಡ್ಡೆ. ಆದರೆ ಒಳಗಿರುವುದು ಆಕ್ಟಿನೊಮೈಸಿಸ್ ಬೋವಿಸ್ ಎಂಬ ಬ್ಯಾಕ್ಟೀರಿಯಾ. ಒರಟು ಮೇವು ಬಾಯೊಳಗೆ ಗೀರಿದಾಗ ಆ ಗಾಯದಿಂದ ಒಳಹೊಕ್ಕು ಮೂಳೆಗೆ ಇಳಿಯುತ್ತದೆ. ಗ್ಲೌಸ್ ಹಾಕಿದ ಬೆರಳಲ್ಲಿ ಗಂಟಿನ ಕೀವನ್ನು ಉಜ್ಜಿದರೆ ಮರಳಿನಂಥ ಹಳದಿ ಕಾಳು ತಾಗುತ್ತವೆ.

ಕೊಂಬಿನ ಕ್ಯಾನ್ಸರಿನ ಕಥೆ ಇದಕ್ಕೆ ಪೂರ್ತಿ ಉಲ್ಟಾ. ನಡುವಯಸ್ಸಿನ ಎತ್ತು ತಲೆ ಕೊಡವುತ್ತದೆ, ಕೊಂಬನ್ನು ಕಂಬಕ್ಕೆ ಉಜ್ಜುತ್ತದೆ. ಅದೇ ಕಡೆಯ ಮೂಗಿನ ಹೊಳ್ಳೆಯಲ್ಲಿ ರಕ್ತ ಜಿನುಗುತ್ತದೆ. ಕೊನೆಗೆ ಕೊಂಬು ಸಡಿಲವಾಗಿ ಜೋತು ಬೀಳುತ್ತದೆ, ಕೀವು ನಾರುತ್ತದೆ, ಹುಳ ಬೀಳುತ್ತದೆ. ಎಲ್ಲರೂ ಹುಳುಕು ಗಾಯ ಅಂತಲೇ ಔಷಧಿ ಹಾಕುತ್ತಾರೆ. ಒಳಗೆ ಬೆಳೆಯುತ್ತಿರುವುದು ಕೊಂಬಿನ ಒಳಪದರದ ಕ್ಯಾನ್ಸರ್. ಈ ರೋಗ ನಮ್ಮ ದೇಶಿ ತಳಿಗಳಲ್ಲೇ ಜಾಸ್ತಿ, ಅದರಲ್ಲೂ ಎತ್ತುಗಳಲ್ಲಿ.

ಹಾಗಾಗಿ ಲ್ಯಾಬು ಬೇಕು. ಗಡ್ಡೆ ಹುಡುಕುವ ಲ್ಯಾಬಿಗೂ ಬ್ಯಾಕ್ಟೀರಿಯಾ ಹುಡುಕುವ ಲ್ಯಾಬಿಗೂ ಬೇಕಾದ ಮಾದರಿ ಒಂದೇ ಅಲ್ಲ. ಗಡ್ಡೆಯ ತುಂಡನ್ನು ಮಾಂಸ ಕೆಡದಂತೆ ಕಾಯುವ ರಾಸಾಯನಿಕ ದ್ರಾವಣವಾದ ಫಾರ್ಮಲಿನ್‌ನಲ್ಲಿ ಹಾಕಬೇಕು, ಇಲ್ಲವಾದರೆ ಕೊಳೆಯುತ್ತದೆ. ಬ್ಯಾಕ್ಟೀರಿಯಾಕ್ಕೆ ಫಾರ್ಮಲಿನ್ ತಾಗಿದರೆ ಸಾಯುತ್ತದೆ, ಆಮೇಲೆ ಅದನ್ನು ಬೆಳೆಸಲು ಆಗುವುದಿಲ್ಲ. ಅದಕ್ಕೇ ಒಂದೇ ಗಂಟಿಗೆ ಎರಡು ಬಾಟಲಿ: ಒಂದರಲ್ಲಿ ಫಾರ್ಮಲಿನ್, ಇನ್ನೊಂದು ಖಾಲಿ, ಸುತ್ತ ಐಸ್.

ಕತ್ತಿ ಮುಟ್ಟುವ ಮುನ್ನ

ಗಂಟಿನಿಂದ ತುಂಡು ತೆಗೆಯುವುದು ಪಶುವೈದ್ಯರ ಕೆಲಸ. ಮರಗಟ್ಟುವ ಇಂಜೆಕ್ಷನ್ ಬೇಕು, ರಕ್ತ ನಿಲ್ಲಿಸುವುದು ಗೊತ್ತಿರಬೇಕು. ಊರಿನ ಪಶು ಆಸ್ಪತ್ರೆಗೆ ಹೇಳಿ, ಇಲ್ಲವೇ 1962 ಸಹಾಯವಾಣಿಗೆ ಫೋನ್ ಮಾಡಿ. ಅವರು ಬರುವವರೆಗೆ ನೀವು ಮಾಡಬೇಕಾದ್ದು ಇಷ್ಟೇ: ಗಂಟಿಗೆ ಏನನ್ನೂ ಹಚ್ಚಬೇಡಿ, ಮನೆಯಲ್ಲಿ ಉಳಿದ ಆ್ಯಂಟಿಬಯಾಟಿಕ್ ಕೊಡಬೇಡಿ. ಆ್ಯಂಟಿಬಯಾಟಿಕ್ ಕೊಟ್ಟ ಮೇಲೆ ತೆಗೆದ ಕೀವಿನಲ್ಲಿ ಬ್ಯಾಕ್ಟೀರಿಯಾ ಬೆಳೆಯದೇ ಹೋಗಬಹುದು. ಆಗ ವರದಿಯಲ್ಲಿ ಏನೂ ಇಲ್ಲ ಅಂತ ಬರುತ್ತದೆ, ರೋಗ ಮಾತ್ರ ಒಳಗೇ ಇರುತ್ತದೆ.

ದನ ದಿಢೀರನೆ ಸತ್ತಿದ್ದರೆ ವಿಷಯವೇ ಬೇರೆ. ಹೊಟ್ಟೆ ಬೇಗ ಉಬ್ಬಿದೆ, ಮೂಗು ಅಥವಾ ಗುದದಿಂದ ಕಪ್ಪು ರಕ್ತ ಹರಿದಿದೆ, ಆ ರಕ್ತ ಹೆಪ್ಪುಗಟ್ಟುತ್ತಿಲ್ಲ. ಹೀಗಿದ್ದರೆ ಹೆಣವನ್ನು ಕೊಯ್ಯಲೇಬೇಡಿ, ಚರ್ಮ ಸುಲಿಯಬೇಡಿ. ಅದು ಅಂತ್ರಾಕ್ಸ್ ಇರಬಹುದು. ಆ ಬ್ಯಾಕ್ಟೀರಿಯಾ ಗಾಳಿಗೆ ತೆರೆದುಕೊಂಡರೆ ಗಟ್ಟಿ ಚಿಪ್ಪಿನ ಬೀಜಕಣವಾಗುತ್ತದೆ. ಆ ಬೀಜಕಣ ಮಣ್ಣಿನಲ್ಲಿ ದಶಕಗಟ್ಟಲೆ ಬದುಕುತ್ತದೆ. ಮನುಷ್ಯರಿಗೂ ಬರುತ್ತದೆ. ವೈದ್ಯರು ಕಿವಿಯ ರಕ್ತನಾಳದಿಂದ ಒಂದು ಹನಿ ತೆಗೆದು ಗಾಜಿನ ಮೇಲೆ ಸವರಿಕೊಳ್ಳುತ್ತಾರೆ, ಪರೀಕ್ಷೆಗೆ ಅಷ್ಟು ಸಾಕು.

ಉತ್ತರ ಕನ್ನಡದ ಸಿದ್ದಾಪುರ ಕಡೆಯವರಿಗೆ ಇನ್ನೊಂದು ಮಾತು. ಕಾಡಂಚಿನಲ್ಲಿ ಸತ್ತ ಮಂಗ ಕಂಡರೆ ಈ ಲೇಖನವನ್ನು ಮರೆತುಬಿಡಿ. ಮಂಗನ ಕಾಯಿಲೆ ವೈರಸ್ಸಿನದ್ದು, ರಕ್ತ ಹೀರುವ ಉಣ್ಣೆ ಹುಳದಿಂದ ಹರಡುವಂಥದ್ದು. ಹತ್ತಿರ ಹೋಗದೆ ಆರೋಗ್ಯ ಇಲಾಖೆಗೋ ಅರಣ್ಯ ಇಲಾಖೆಗೋ ತಿಳಿಸಿ.

ಫಾರ್ಮಲಿನ್ ಬಾಟಲಿ

ಅಂಗಡಿಯಲ್ಲಿ ಸಿಗುವ ಗಟ್ಟಿ ಫಾರ್ಮಲಿನ್ 100 ಮಿ.ಲೀ., ನೀರು 900 ಮಿ.ಲೀ., ಉಪ್ಪು 9 ಗ್ರಾಂ. ಇಷ್ಟು ಸೇರಿದರೆ ಹತ್ತು ಪರ್ಸೆಂಟ್ ದ್ರಾವಣ ತಯಾರು. ಸಾಮಾನ್ಯವಾಗಿ ಆಸ್ಪತ್ರೆಯಲ್ಲೇ ಇರುತ್ತದೆ. ನೀವೇ ಬೆರೆಸುವುದಾದರೆ ಗ್ಲೌಸ್ ಹಾಕಿ, ಅಂಗಳದಲ್ಲಿ ಗಾಳಿಗೆ ಬೆನ್ನು ಮಾಡಿ ನಿಂತು ಬೆರೆಸಿ. ಕಣ್ಣು ಉರಿಯುತ್ತದೆ. ಅಷ್ಟೇ ಅಲ್ಲ, ಕ್ಯಾನ್ಸರ್ ಪತ್ತೆಗೆ ಬಳಸುವ ಈ ದ್ರಾವಣವೇ ಕ್ಯಾನ್ಸರ್ ತರಬಲ್ಲ ರಾಸಾಯನಿಕಗಳ ಪಟ್ಟಿಯಲ್ಲಿದೆ! ಮಕ್ಕಳ ಕೈಗೆ ಸಿಗದ ಹಾಗೆ ಇಡಿ.

ಬಾಟಲಿಯ ಬಾಯಿ ಅಗಲ ಇರಲಿ. ಖಾಲಿಯಾದ ಟಾನಿಕ್ ಬಾಟಲಿಗೆ ಮೆತ್ತಗಿನ ತುಂಡನ್ನು ಹೇಗೋ ತುರುಕಬಹುದು. ಆದರೆ ಫಾರ್ಮಲಿನ್‌ನಲ್ಲಿ ಅದು ರಬ್ಬರಿನಂತೆ ಗಟ್ಟಿಯಾಗುತ್ತದೆ. ಆಮೇಲೆ ಲ್ಯಾಬಿನವರು ಬಾಟಲಿ ಒಡೆದೇ ತೆಗೆಯಬೇಕು. ಉಪ್ಪಿನಕಾಯಿಯ ಪ್ಲಾಸ್ಟಿಕ್ ಡಬ್ಬಿ ತೊಳೆದು ಒಣಗಿಸಿದರೆ ಚೆನ್ನಾಗಿ ನಡೆಯುತ್ತದೆ.

ತುಂಡನ್ನು ಎಲ್ಲಿಂದ ತೆಗೆಯಬೇಕು? ಗಂಟಿನ ಅಂಚಿನಿಂದ. ಅರ್ಧ ಗಂಟು, ಅರ್ಧ ಪಕ್ಕದ ಒಳ್ಳೆಯ ಮಾಂಸ ಬರಬೇಕು. ದೊಡ್ಡ ಗಡ್ಡೆಯ ನಡುಭಾಗ ಎಷ್ಟೋ ಸಲ ರಕ್ತ ಸಿಗದೆ ಸತ್ತುಹೋಗಿರುತ್ತದೆ, ಅಲ್ಲಿ ಓದಲು ಏನೂ ಉಳಿದಿರುವುದಿಲ್ಲ. ಗಡ್ಡೆ ಪಕ್ಕದ ಭಾಗಕ್ಕೆ ನುಗ್ಗುತ್ತಿದೆಯೋ ಇಲ್ಲವೋ ಅನ್ನುವುದು ಗೊತ್ತಾಗುವುದೂ ಅಂಚಿನಲ್ಲೇ.

ತುಂಡಿನ ದಪ್ಪ ಅರ್ಧ ಸೆಂಟಿಮೀಟರ್ ಇದ್ದರೆ ಸಾಕು, ಒಂದು ಸೆಂಟಿಮೀಟರ್ ದಾಟಬಾರದು. ಫಾರ್ಮಲಿನ್ ಒಳಗಿಳಿಯುವುದು ಬಹಳ ನಿಧಾನ. ತೆಂಗಿನಕಾಯಿಯಷ್ಟು ದೊಡ್ಡ ಗಡ್ಡೆಯನ್ನು ಇಡಿಯಾಗಿ ಮುಳುಗಿಸಿಟ್ಟರೆ ಹೊರಗೆ ಗಟ್ಟಿ, ಒಳಗೆ ಕೊಳೆ. ಮಾಂಸದ ಹತ್ತು ಪಟ್ಟು ಫಾರ್ಮಲಿನ್ ಇರಬೇಕು. ಇದನ್ನು ಫ್ರೀಜರಿನಲ್ಲಿ ಇಡಲೇಬಾರದು. ಹೆಪ್ಪುಗಟ್ಟಿದ ನೀರು ಜೀವಕೋಶಗಳನ್ನು ಹರಿದುಹಾಕುತ್ತದೆ.

ಐಸ್ ಬಾಟಲಿ

ಇದಕ್ಕೆ ಸ್ಟೆರೈಲ್ ಡಬ್ಬಿ ಬೇಕು, ಮೆಡಿಕಲ್ ಶಾಪಿನಲ್ಲಿ ಮೂತ್ರ ಪರೀಕ್ಷೆಗೆ ಕೊಡುವಂಥದ್ದು. ಹೊರಗೆ ಹರಿದ ಕೀವಿನಲ್ಲಿ ಕೊಟ್ಟಿಗೆಯ ಬ್ಯಾಕ್ಟೀರಿಯಾ ಎಲ್ಲ ಸೇರಿಕೊಂಡಿರುತ್ತದೆ. ಅದಕ್ಕೇ ಚರ್ಮವನ್ನು ಸ್ಪಿರಿಟ್‌ನಿಂದ ಒರೆಸಿ, ಒಡೆಯದ ಗಂಟಿನೊಳಗಿನ ಕೀವನ್ನು ಸಿರಿಂಜಿನಲ್ಲಿ ಎಳೆಯುತ್ತಾರೆ. ಸಿರಿಂಜಿನ ಗಾಳಿಯನ್ನೂ ಹೊರಹಾಕಿ ಮುಚ್ಚುತ್ತಾರೆ. ದವಡೆ ಊದಿಸುವ ಬ್ಯಾಕ್ಟೀರಿಯಾ, ಚಪ್ಪೆ ರೋಗದ ಬ್ಯಾಕ್ಟೀರಿಯಾ ಎರಡಕ್ಕೂ ಗಾಳಿ ಆಗದು. ಹತ್ತಿಯ ಕಡ್ಡಿಯಲ್ಲಿ ತೆಗೆದರೆ ಲ್ಯಾಬು ಮುಟ್ಟುವಷ್ಟರಲ್ಲಿ ಸತ್ತಿರಬಹುದು. ತೆಗೆದದ್ದನ್ನು ಐಸ್ ಪ್ಯಾಕ್ ಇಟ್ಟ ಥರ್ಮೋಕೋಲ್ ಡಬ್ಬಿಯಲ್ಲಿಟ್ಟು 24 ಗಂಟೆಯೊಳಗೆ ತಲುಪಿಸಿದರೆ ಒಳ್ಳೆಯದು.

ರೈತರು ತಾವೇ ತೆಗೆಯಬಹುದಾದ ಮಾದರಿ ಒಂದಿದೆ, ಕೆಚ್ಚಲು ಬಾವಿನ ಹಾಲು. ಕೆಚ್ಚಲು ತೊಳೆದು ಪೂರ್ತಿ ಒರೆಸಿ ಒಣಗಿಸಿ. ಮೊದಲ ಮೂರು-ನಾಲ್ಕು ಧಾರೆ ಬೇರೆ ಪಾತ್ರೆಗೆ ಹಿಂಡಿ ಚೆಲ್ಲಿ. ಮೊಲೆಯ ತುದಿಯನ್ನು ಸ್ಪಿರಿಟ್ ಹತ್ತಿಯಿಂದ ಒರೆಸಿ, ಆರಲು ಬಿಡಿ. ಹತ್ತಿ ಕೊಳೆಯಾದರೆ ಇನ್ನೊಂದು ಹತ್ತಿ ತಗೊಳ್ಳಿ. ಡಬ್ಬಿಯನ್ನು ನೆಟ್ಟಗೆ ಹಿಡಿಯದೆ ಓರೆಯಾಗಿ ಹಿಡಿಯಿರಿ, ಮೇಲಿಂದ ಕೂದಲು, ಸಗಣಿಯ ಪುಡಿ ಬೀಳುವುದಿಲ್ಲ. ಮುಚ್ಚಳವನ್ನು ನೆಲಕ್ಕಿಡಬೇಡಿ, ಕೈಯಲ್ಲೇ ಇರಲಿ. ಐದರಿಂದ ಹತ್ತು ಮಿ.ಲೀ. ಸಾಕು. ಯಾವ ಮೊಲೆಯದ್ದು ಅಂತ ಬರೆಯುವುದನ್ನು ಮರೆಯಬೇಡಿ.

ಆಕಳ ಕೆಚ್ಚಲಲ್ಲಿ ಗಟ್ಟಿ ಗಂಟು ಸಿಕ್ಕರೆ ಹೆಚ್ಚಿನ ಸಲ ಅದು ಹಳೆಯ ಬಾವಿನ ಕಲೆ. ಸ್ಟಫಿಲೊಕಾಕಸ್ ಔರಿಯಸ್ ಎಂಬ ಬ್ಯಾಕ್ಟೀರಿಯಾಕ್ಕೆ ಹೀಗೆ ಗಂಟು ಕಟ್ಟುವ ಚಾಳಿ. ಆಕಳ ಕೆಚ್ಚಲಿಗೆ ಕ್ಯಾನ್ಸರ್ ಬರುವುದು ತೀರಾ ಅಪರೂಪ. ಮನೆಯ ಹೆಣ್ಣು ನಾಯಿಯ ಮೊಲೆಯಲ್ಲಿ ಗಂಟು ಕಂಡರೆ ಮಾತ್ರ ಕಾಯಬೇಡಿ. ಆಪರೇಷನ್ ಆಗದ ಹೆಣ್ಣು ನಾಯಿಗಳಲ್ಲಿ ಇದೇ ಅತಿ ಸಾಮಾನ್ಯ ಗಡ್ಡೆ. ಮೊದಲ ಬೆದೆಗೆ ಮುಂಚೆಯೇ ಸಂತಾನಹರಣ ಮಾಡಿಸಿದರೆ ಇದು ಬರುವ ಸಾಧ್ಯತೆ ಬಹಳ ಕಡಿಮೆಯಾಗುತ್ತದೆ.

ನಾಯಿಯ ಮಾತು ಬಂತಲ್ಲ, ಕಾರವಾರದ ಕಡಲತೀರದಲ್ಲೋ ಗೋಕರ್ಣದ ಬೀದಿಯಲ್ಲೋ ನಾಯಿಯ ಜನನಾಂಗದಲ್ಲಿ ಹೂಕೋಸಿನಂಥ ಕೆಂಪು ಗಡ್ಡೆ ಕಂಡರೆ ಅಸಹ್ಯಪಟ್ಟು ಕಲ್ಲು ಹೊಡೆಯಬೇಡಿ. ಅದು ಕೂಡುವಾಗ ನಾಯಿಯಿಂದ ನಾಯಿಗೆ ಅಂಟುವ ಕ್ಯಾನ್ಸರ್. ಬ್ಯಾಕ್ಟೀರಿಯಾವಲ್ಲ, ವೈರಸ್ಸೂ ಅಲ್ಲ, ಕ್ಯಾನ್ಸರಿನ ಜೀವಕೋಶವೇ ದಾಟುತ್ತದೆ. ಪತ್ತೆಗೆ ಬಾಟಲಿಯೂ ಬೇಡ. ಗಾಜಿನ ಸ್ಲೈಡನ್ನು ಗಡ್ಡೆಗೆ ಒತ್ತಿ, ಬಣ್ಣ ಹಾಕಿ ನೋಡಿದರೆ ಗುಂಡಗಿನ ಕೋಶಗಳೂ ಅವುಗಳೊಳಗಿನ ಸಣ್ಣ ಗುಳ್ಳೆಗಳೂ ಕಾಣುತ್ತವೆ. ವಿಂಕ್ರಿಸ್ಟಿನ್ ಇಂಜೆಕ್ಷನ್ ವಾರಕ್ಕೊಂದರಂತೆ ಕೆಲವು ವಾರ ಕೊಟ್ಟರೆ ಹೆಚ್ಚಿನವು ಗುಣವಾಗುತ್ತವೆ.

ಗರ್ಭ ಆರು ತಿಂಗಳು ದಾಟಿದ ಮೇಲೆ ಆಕಳು ಕಂದು ಹಾಕಿದರೆ ಬ್ರುಸೆಲ್ಲಾ ಎಂಬ ಬ್ಯಾಕ್ಟೀರಿಯಾ ಇರಬಹುದು. ಆ ಕಂದು, ಮಾಸು ಯಾವುದನ್ನೂ ಬರಿಗೈಯಲ್ಲಿ ಮುಟ್ಟಬೇಡಿ. ಇದು ಮನುಷ್ಯರಿಗೂ ಅಂಟಿ, ತಿಂಗಳುಗಟ್ಟಲೆ ಬಂದು ಹೋಗುವ ಜ್ವರ, ಕೀಲುನೋವು ತರುತ್ತದೆ. ಮಾದರಿಯನ್ನು ವೈದ್ಯರೇ ತೆಗೆಯಲಿ. ನಾಲ್ಕರಿಂದ ಎಂಟು ತಿಂಗಳ ಹೆಣ್ಣು ಕರುಗಳಿಗೆ ಇದರ ಲಸಿಕೆ ಒಮ್ಮೆ ಹಾಕಿಸಿದರೆ ಸಾಕು. 2019ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಇದೂ ಸೇರಿದೆ.

ಜೊತೆಗೊಂದು ಚೀಟಿ

ನನ್ನ ಪ್ರಕಾರ ಅರ್ಧ ಉತ್ತರ ಈ ಚೀಟಿಯಲ್ಲೇ ಇರುತ್ತದೆ. ‘ಒಂದು ದನ, ಗಂಟು’ ಅಂತ ಬರೆದರೆ ಸೂಕ್ಷ್ಮದರ್ಶಕದ ಮುಂದೆ ಕೂತವರು ಏನು ಮಾಡಬೇಕು? ಮಲೆನಾಡು ಗಿಡ್ಡವೋ ಜೆರ್ಸಿ ಮಿಶ್ರವೋ, ವಯಸ್ಸು, ಗಂಟು ಎಲ್ಲಿದೆ, ಎಷ್ಟು ವಾರದಲ್ಲಿ ಎಷ್ಟು ಬೆಳೆಯಿತು, ಏನೇನು ಔಷಧಿ ಆಗಿದೆ, ಎಲ್ಲ ಬರೆಯಿರಿ. ಕೊಟ್ಟಿಗೆಯಲ್ಲೇ ಮೇಯುತ್ತದೋ ಸೊಪ್ಪಿನ ಬೆಟ್ಟಕ್ಕೆ ಬಿಡುತ್ತೀರೋ ಅದನ್ನೂ ಬರೆಯಿರಿ. ಇದು ಸುಮ್ನೆ ಕೇಳುವ ಪ್ರಶ್ನೆಯಲ್ಲ. ಬ್ರಾಕನ್ ಎಂಬ ಜರಿಗಿಡವನ್ನು ಬಹಳ ಕಾಲ ಮೇಯ್ದ ದನಗಳಿಗೆ ಮೂತ್ರಕೋಶದಲ್ಲಿ ಗಡ್ಡೆಯಾಗಿ ಕೆಂಪು ಮೂತ್ರ ಬರುತ್ತದೆ. ಹಿಮಾಲಯದ ಕಡೆ, ನೀಲಗಿರಿಯಲ್ಲಿ ಇದು ಹಳೆಯ ತೊಂದರೆ. ಕೆಂಪು ಮೂತ್ರ ಉಣ್ಣೆಯಿಂದ ಬರುವ ಬಬೇಸಿಯಾ ರೋಗದಲ್ಲೂ ಬರುತ್ತದೆ, ಇಲಿಜ್ವರದಲ್ಲೂ ಬರುತ್ತದೆ. ಬಣ್ಣ ಒಂದೇ, ಔಷಧಿ ಬೇರೆ ಬೇರೆ.

ಬಾಟಲಿಯ ಲೇಬಲ್ಲನ್ನು ಪೆನ್ಸಿಲಿನಲ್ಲಿ ಬರೆಯಿರಿ. ಪೆನ್ನಿನ ಶಾಯಿ ಫಾರ್ಮಲಿನ್ ಸೋಕಿದರೆ ಅಳಿಸಿಹೋಗುತ್ತದೆ. ಲೇಬಲ್ ಡಬ್ಬಿಯ ಮೈಮೇಲಿರಲಿ, ಮುಚ್ಚಳದ ಮೇಲೆ ಬೇಡ. ಮುಚ್ಚಳ ಅದಲುಬದಲಾದರೆ ನಿಮ್ಮ ಗೌರಿಯ ವರದಿ ಪಕ್ಕದ ಮನೆಯ ಗಂಗೆಗೆ ಹೋಗುತ್ತದೆ.

ಘಟ್ಟ ದಾಟಿಸುವುದು

ಶಿರಸಿ, ಸಿದ್ದಾಪುರದವರಿಗೆ ಸಾಗರದ ದಾರಿಯಲ್ಲಿ ಶಿವಮೊಗ್ಗ ಪಶುವೈದ್ಯಕೀಯ ಕಾಲೇಜು ಹತ್ತಿರ. ರಾಜ್ಯ ಮಟ್ಟದ ಲ್ಯಾಬು ಬೆಂಗಳೂರಿನ ಹೆಬ್ಬಾಳದಲ್ಲಿದೆ. ಯಾವುದಕ್ಕೆ ಕಳಿಸಬೇಕು ಅನ್ನುವುದನ್ನು ನಿಮ್ಮ ವೈದ್ಯರೇ ಹೇಳುತ್ತಾರೆ. ಹೊರಡುವ ಮುನ್ನ ಲ್ಯಾಬಿಗೆ ಫೋನ್ ಮಾಡಿಸಿ. ಶನಿವಾರ ಸಂಜೆ ಮುಟ್ಟಿದ ಐಸ್ ಡಬ್ಬಿ ಸೋಮವಾರ ತೆರೆದರೆ ಪ್ರಯೋಜನವಿಲ್ಲ.

ಮಳೆಗಾಲದಲ್ಲಿ ಇನ್ನೊಂದು ಲೆಕ್ಕ. 2024ರ ಜುಲೈನಲ್ಲಿ ಶಿರೂರಿನಲ್ಲಿ ಗುಡ್ಡ ಕುಸಿದಾಗ ಹೆದ್ದಾರಿ ಎಷ್ಟು ದಿನ ಬಂದ್ ಆಗಿತ್ತು ಅಂತ ಅಂಕೋಲಾದವರನ್ನು ಕೇಳಿ. ದಾರಿಯ ಭರವಸೆ ಇಲ್ಲದ ದಿನ ಫಾರ್ಮಲಿನ್ ಬಾಟಲಿ ಕಾಯಬಲ್ಲದು, ವಾರ ತಡವಾದರೂ ನಡೆಯುತ್ತದೆ. ಐಸ್ ಡಬ್ಬಿ ಕಾಯುವುದಿಲ್ಲ. ಅಂಥ ಹೊತ್ತಿನಲ್ಲಿ ಗಾಜಿನ ಸ್ಲೈಡಿನ ಮೇಲೆ ಕೀವು ಸವರಿ ಒಣಗಿಸಿ ಇಟ್ಟುಕೊಂಡಿದ್ದರೆ, ಅದನ್ನು ಊರಿನ ಆಸ್ಪತ್ರೆಯಲ್ಲೇ ಬ್ಯಾಕ್ಟೀರಿಯಾ ಗುರುತಿಸಲು ಬಳಸುವ ‘ಗ್ರಾಂ’ ಎಂಬ ಬಣ್ಣ ಹಾಕಿ ನೋಡಬಹುದು. ಸ್ಲೈಡನ್ನು ಫಾರ್ಮಲಿನ್ ಬಾಟಲಿಯ ಪಕ್ಕ ಕಟ್ಟಬೇಡಿ. ಅದರ ಆವಿ ತಾಗಿದರೂ ಕೋಶಗಳಿಗೆ ಬಣ್ಣ ಸರಿಯಾಗಿ ಹಿಡಿಯುವುದಿಲ್ಲ.

ವರದಿ ಬಂದಾಗ

ಬ್ಯಾಕ್ಟೀರಿಯಾದ ವರದಿ ಕೆಲವೇ ದಿನಗಳಲ್ಲಿ ಬರುತ್ತದೆ. ರಕ್ತ ಬೆರೆಸಿದ ಅಗರ್ ತಟ್ಟೆಯಲ್ಲಿ 37 ಡಿಗ್ರಿ ಶಾಖದಲ್ಲಿ ಬೆಳೆಸಿ, ಬೆಳೆದದ್ದರ ಮೇಲೆ ಬೇರೆ ಬೇರೆ ಔಷಧಿಯ ಬಿಲ್ಲೆ ಇಡುತ್ತಾರೆ. ಯಾವ ಬಿಲ್ಲೆಯ ಸುತ್ತ ಬ್ಯಾಕ್ಟೀರಿಯಾ ಬೆಳೆಯದೆ ಬಯಲಾಗುತ್ತದೋ ಆ ಔಷಧಿ ಕೆಲಸ ಮಾಡುವ ಸಾಧ್ಯತೆ ಹೆಚ್ಚು. ವರದಿಯಲ್ಲಿ ಆ ಸಾಲನ್ನು ಮೊದಲು ನೋಡಿ. ‘ಬೆಳವಣಿಗೆ ಇಲ್ಲ’ ಅಂತಿದ್ದರೆ ರೋಗವೇ ಇಲ್ಲ ಅಂತಲ್ಲ. ಮಾದರಿ ತಡವಾಗಿತ್ತೇ, ಮುಂಚೆ ಆ್ಯಂಟಿಬಯಾಟಿಕ್ ಕೊಟ್ಟಾಗಿತ್ತೇ ಅಂತ ಯೋಚಿಸಬೇಕು.

ಗಡ್ಡೆಯ ವರದಿ ನಿಧಾನ. ತುಂಡನ್ನು ಮೇಣದಲ್ಲಿ ಹೂತು, ಮಿಲಿಮೀಟರಿನ ಇನ್ನೂರರಲ್ಲಿ ಒಂದು ಭಾಗದಷ್ಟು ತೆಳ್ಳಗೆ ಸೀಳಿ, ಬಣ್ಣ ಹಾಕುತ್ತಾರೆ. ಕೋಶದ ಕೇಂದ್ರ ನೀಲಿ-ನೇರಳೆ, ಉಳಿದದ್ದು ಗುಲಾಬಿ. ಕೊಂಬಿನ ಕ್ಯಾನ್ಸರಿನಲ್ಲಿ ಈ ಗುಲಾಬಿಯ ನಡುವೆ ಈರುಳ್ಳಿಯ ಹಾಗೆ ಪದರ ಪದರವಾಗಿ ಸುತ್ತಿಕೊಂಡ ಕೆರಾಟಿನ್ ಉಂಡೆಗಳು ಕಾಣುತ್ತವೆ. ‘ಬಿನೈನ್’ ಅಂತಿದ್ದರೆ ಅಲ್ಲೇ ಬೆಳೆಯುವ ಗಡ್ಡೆ, ‘ಮಾಲಿಗ್ನಂಟ್’ ಅಂದರೆ ಹರಡುವ ಜಾತಿ. ‘ಗ್ರಾನುಲೋಮಾ’ ಅಂತ ಬಂದರೆ ಸಾಮಾನ್ಯವಾಗಿ ಅದು ಗಡ್ಡೆಯಲ್ಲ, ಸೋಂಕಿನ ಸುತ್ತ ದೇಹವೇ ಕಟ್ಟಿಕೊಂಡ ಗೋಡೆ. ಆಗ ಐಸ್ ಬಾಟಲಿಯ ವರದಿಯನ್ನು ಪಕ್ಕದಲ್ಲಿಟ್ಟು ಓದಬೇಕು. ಕ್ಷಯದ ಅನುಮಾನ ಇದ್ದರೆ ಅದೇ ಮೇಣದ ಅಚ್ಚಿನಿಂದ ಇನ್ನೊಂದು ಸೀಳು ತೆಗೆದು ಬೇರೆ ಬಣ್ಣ ಹಾಕುತ್ತಾರೆ. ವರದಿಯ ಮೇಲಿರುವ ಅಚ್ಚಿನ ನಂಬರನ್ನು ಬರೆದಿಟ್ಟುಕೊಳ್ಳಿ. ಇನ್ನೊಬ್ಬ ತಜ್ಞರ ಅಭಿಪ್ರಾಯ ಬೇಕೆನಿಸಿದರೆ ದನವನ್ನು ಮತ್ತೆ ಕೊಯ್ಯದೆ ಆ ನಂಬರ್ ಹೇಳಿ ಕೇಳಬಹುದು.