ಹುಣಸೆ ಬೀಜದ ಅಂಟಿನಲ್ಲಿ ನಿಂತ ಮೀಥೇನ್

ಅಣುಗಳ ಆಕಾರ ಕಲಿಸಲು ಬೋರ್ಡ್ ಸಾಕು, ಆಟಿಕೆ ಮಾಡಿಕೊಂಡು ಕೂತರೆ ಪೋರ್ಷನ್ ಮುಗಿಯಲ್ಲ ಎಂದು ಸ್ಟಾಫ್ ರೂಮಿನಲ್ಲಿ ಎಲ್ಲರೂ ಹೇಳಿದರು. 1874ರಲ್ಲಿ ಡಚ್ ವಿಜ್ಞಾನಿ ವ್ಯಾಂಟ್ ಹಾಫ್ ಇಂಗಾಲಕ್ಕೆ ನಾಲ್ಕು ದಿಕ್ಕು ಕೊಟ್ಟಿದ್ದನ್ನು ಆಮೇಲೆ ಜರ್ಮನಿಯ ರಸಾಯನಶಾಸ್ತ್ರಜ್ಞ ಕೋಲ್ಬೆಯಂಥ ದೊಡ್ಡ ಮನುಷ್ಯನೇ ಹೀಯಾಳಿಸಿದ್ದ. ವ್ಯಾಂಟ್ ಹಾಫ್ ರಟ್ಟಿನಲ್ಲಿ ಮಾದರಿ ಕತ್ತರಿಸಿ ತೋರಿಸಿದ್ದ. ನಾನು ಕೊಪ್ಪಳದಲ್ಲಿ ಸಿಗುವುದರಲ್ಲೇ ಮಾಡಿದೆ.

ಅಣು ಮಾದರಿಯ ರೆಡಿಮೇಡ್ ಡಬ್ಬಿ ಒಂದಕ್ಕೆ ಸುಮಾರು ಸಾವಿರದ ಐನೂರು. ಅರವತ್ತು ಮಕ್ಕಳ ಕ್ಲಾಸಿಗೆ ಹತ್ತಾದರೂ ಬೇಕು. ಒಂದು ತರಿಸಿ ನೋಡಿದೆ. ವರ್ಷದೊಳಗೆ ತೂತೆಲ್ಲ ಸಡಿಲ. ಸಾಲದ್ದಕ್ಕೆ ಅದರಲ್ಲಿ ನೀರಿಗೂ ಮೀಥೇನ್‌ಗೂ (ಒಂದು ಇಂಗಾಲಕ್ಕೆ ನಾಲ್ಕು ಹೈಡ್ರೋಜನ್) ಒಂದೇ ಕೋನ! ಥರ್ಮಾಕೋಲ್ ಗುಂಡು ತಂದರೆ, ರಬ್ಬರ್ ಅಂಟು ಹಚ್ಚಿದಲ್ಲೆಲ್ಲ ಕರಗಿ ಗುಳಿ ಬಿತ್ತು. ಜೇಡಿಮಣ್ಣಿನ ಗುಂಡುಗಳು ನಮ್ಮ ಏಪ್ರಿಲ್ ಬಿಸಿಲಿಗೆ ಬಿರುಕು ಬಿಟ್ಟವು. ಜೋಳದ ದಂಟಿನ ಬೆಂಡು ಚುಚ್ಚಲು ಚೆಂದ, ಆದರೆ ಎರಡನೇ ಸಲ ಕಡ್ಡಿ ನಿಲ್ಲಲ್ಲ.

ದಾರಿ ಸಿಕ್ಕಿದ್ದು ನಮ್ಮ ಕೊಪ್ಪಳ ಜಿಲ್ಲೆಯ ಕಿನ್ನಾಳದ ಮರದ ಗೊಂಬೆಯಿಂದ. ಅಲ್ಲಿ ಹುಣಸೆ ಬೀಜದ ಅಂಟಿಗೆ ಮರದ ಹೊಟ್ಟು ಕಲಸುತ್ತಾರಲ್ವಾ, ಅದೇ. ಹೊಟ್ಟು ಸಾಮಿಲ್‌ನಲ್ಲಿ ಪುಕ್ಕಟೆ. ಬೀಜ, ಬಣ್ಣ ಎಲ್ಲ ಸೇರಿ ಇಡೀ ಕ್ಲಾಸಿಗೆ ನಾನೂರು ರೂಪಾಯಿ ದಾಟಲಿಲ್ಲ. ಕಡ್ಡಿಗೆ ಸೈಕಲ್ ಅಂಗಡಿಯ ಹಳೇ ಸ್ಪೋಕ್. ಹುಳ ಹಿಡಿಯದಂತೆ ಅಂಟಿಗೆ ಇನ್ನೊಂದು ಪದಾರ್ಥ ಹಾಕುತ್ತೇನೆ. ಅದೇನೆಂಬುದನ್ನು ಸದ್ಯ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ.

ಕೋನಮಾಪಕ ಗುಂಡಿನ ಮೇಲೆ ಕೂರಲ್ಲ. ಅದಕ್ಕೆ ಪೇಪರ್ ಪಟ್ಟಿ. 30 ಮಿ.ಮೀ. ಅಡ್ಡಳತೆಯ ಗುಂಡಿನ ಸುತ್ತಳತೆ ಸುಮಾರು 94.25 ಮಿ.ಮೀ. ಅದನ್ನು ಮೀಥೇನ್‌ನ ಕೋನ 109.5ರಿಂದ ಗುಣಿಸಿ 360ರಿಂದ ಭಾಗಿಸಿದರೆ 28.7 ಮಿ.ಮೀ. ಪಟ್ಟಿಯ ಒಂದು ತುದಿಗೆ ಗುಂಡುಸೂಜಿ ಚುಚ್ಚಿ ಸುತ್ತ ತಿರುಗಿಸಿ ವೃತ್ತ ಎಳೆಯಿರಿ. ವೃತ್ತವನ್ನು ಮೂರು ಸಮಪಾಲು ಮಾಡಿ. ಸೂಜಿಯ ಜಾಗವೂ ಸೇರಿ ನಾಲ್ಕೂ ಕಡೆ ದಬ್ಬಣವನ್ನು ನಡುಮಧ್ಯಕ್ಕೆ ಗುರಿಯಿಟ್ಟು ಚುಚ್ಚಿ. ಗುಂಡು ಅರ್ಧ ಒಣಗಿದಾಗಲೇ ಚುಚ್ಚಬೇಕು, ಹಸಿಯಿದ್ದರೆ ತೂತು ಮುಚ್ಚಿಕೊಳ್ಳುತ್ತದೆ. ಒಣಗಿ ಸಣ್ಣದಾದರೂ ಚಿಂತೆಯಿಲ್ಲ. ಎಲ್ಲ ಕಡೆ ಸಮನಾಗಿ ಕುಗ್ಗಿದರೆ ಕೋನ ಬದಲಾಗಲ್ಲ.

ನೀರಿನ 104.5 ಡಿಗ್ರಿಗೆ ಪಟ್ಟಿ 27.4. ಅಂದರೆ ಒಂದೂವರೆ ಮಿ.ಮೀ. ಕೂಡ ವ್ಯತ್ಯಾಸವಿಲ್ಲ! ಇಷ್ಟಕ್ಕೆ ಯಾಕೆ ಒದ್ದಾಟ ಅಂತ ಒಬ್ಬರು ಕೇಳಿದರು. ಆ ಒಂದೂವರೆ ಮಿ.ಮೀ. ಎಲ್ಲಿಂದ ಬಂತು ಅನ್ನುವುದೇ ಪಾಠ. ಲೋನ್ ಪೇರ್, ಅಂದರೆ ಬಂಧದಲ್ಲಿ ಸೇರದ ಎಲೆಕ್ಟ್ರಾನ್ ಜೋಡಿ, ಇದ್ದ ಕಡೆ ಗಿಡ್ಡ ಕಡ್ಡಿಗೆ ಹತ್ತಿಯ ದಪ್ಪ ಉಂಡೆ ಕಟ್ಟಿದೆ. ಮೀಥೇನ್‌ಗೆ ಹತ್ತಿಯಿಲ್ಲ, ಅಮೋನಿಯಾಗೆ ಒಂದು, ನೀರಿಗೆ ಎರಡು. ಹತ್ತಿ ಹೆಚ್ಚಿದಂತೆ ಹೈಡ್ರೋಜನ್‌ಗಳು ಹತ್ತಿರ ಸರಿಯುವುದನ್ನು ಮಕ್ಕಳು ಕೈಯಲ್ಲಿ ಹಿಡಿದು ನೋಡಿದರು. ಕಳೆದ ಟೆಸ್ಟ್‌ನಲ್ಲಿ ಕೋನ ಯಾಕೆ ಕಡಿಮೆ ಅನ್ನುವ ಪ್ರಶ್ನೆಗೆ ತಪ್ಪು ಬರೆದವರು ನಾಲ್ಕೈದು ಜನ ಅಷ್ಟೇ. ಬೇಡ ಅಂದವರೇ ಈಗ ಎರಡು ಸೆಟ್ ಒಯ್ದಿದ್ದಾರೆ.

ಇದರ ಮಧ್ಯೆ ಸುಮ್ನೆ ಒಂದು ಇಂಗಾಲದ ಗುಂಡಿಗೆ ನಾಲ್ಕು ಬೇರೆ ಬೇರೆ ಬಣ್ಣದ ಗುಂಡು ಸಿಕ್ಕಿಸಿ ಕನ್ನಡಿ ಬಿಂಬದ ಜೋಡಿಯನ್ನೂ ಮಾಡಿದೆ. ಹೇಗೆ ತಿರುಗಿಸಿದರೂ ಒಂದರ ಮೇಲೊಂದು ಕೂರಲ್ಲ. ಬೆಲ್ ಹೊಡೆದರೂ ಮಕ್ಕಳು ಏಳಲಿಲ್ಲ.

ಈಗ ಸಲ್ಫರ್ ಟೆಟ್ರಾಫ್ಲೋರೈಡ್ ನಡೆದಿದೆ. ಸಲ್ಫರ್‌ಗೆ ನಾಲ್ಕು ಫ್ಲೋರಿನ್, ಒಂದು ಲೋನ್ ಪೇರ್, ಒಟ್ಟು ಐದು ದಿಕ್ಕು: ಮೇಲೆ ಕೆಳಗೆ ಎರಡು, ಪಕ್ಕಕ್ಕೆ ಸುತ್ತ ಮೂರು. ಹತ್ತಿಯನ್ನು ಮೇಲೆ ಕಟ್ಟಬೇಕೋ, ಪಕ್ಕಕ್ಕೋ? ಹೇಳಿಕೊಡುವುದಿಲ್ಲ, ಎರಡೂ ಮಾಡಿಸುತ್ತೇನೆ. ಮೇಲೆ ಕಟ್ಟಿದರೆ 90 ಡಿಗ್ರಿಯಲ್ಲಿ ಮೂರು ಫ್ಲೋರಿನ್ ಒತ್ತುತ್ತವೆ, ಪಕ್ಕಕ್ಕಾದರೆ ಎರಡೇ. ಎಣಿಸಿ ನೋಡಿ ಅವರೇ ಹತ್ತಿ ಬಿಚ್ಚಿ ಪಕ್ಕಕ್ಕೆ ಕಟ್ಟುತ್ತಾರೆ.